ಪರಸ್ಕೆವಿಯ ಫೋಟೋ

ಮಾರೈಕೆ ಹಾಲೆಂಡಿಗೆ ಮರಳಿದ ಮೇಲೆ ತನ್ನ ರಜೆಯ ಫೋಟೋಗಳನ್ನೆಲ್ಲ ನಮ್ಮ ಗ್ರೀಕ್ ದ್ವೀಪದ ಊರಿನ ಫೇಸ್‌ಬುಕ್ ಪುಟಕ್ಕೆ ಹಾಕಿದಳು. ಕೊಲ್ಲಿ, ದೋಣಿಗಳು, ಅವಳು ಬಾಡಿಗೆಗಿದ್ದ ನನ್ನ ಮಹಡಿಯ ಕೋಣೆ, ಹಗ್ಗದ ಮೇಲೆ ಒಣಗುತ್ತಿರುವ ಆಕ್ಟೋಪಸ್. ಅದರ ಹಿಂದೆ, ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡು ಚಾದರ ಹರವುತ್ತಿರುವ ಪರಸ್ಕೆವಿ.

ತೆಗೆದುಹಾಕು ಎಂದು ಮಾರೈಕೆಗೆ ಬರೆದೆ. ಉತ್ತರವಿಲ್ಲ.

ಪರಸ್ಕೆವಿ ಚಳಿಗಾಲದಲ್ಲಿ ಗಂಡ ಲೆಫ್ತೆರಿಸ್‌ನಿಂದ ತಪ್ಪಿಸಿಕೊಂಡು ಪಿರೇಯಸ್ ಬಂದರಿನಿಂದ ಹಡಗು ಹತ್ತಿ ಬಂದವಳು. ಮಣಿಕಟ್ಟು ಮುರಿದಿತ್ತು. ಅವಳ ಮದುವೆಗೆ ಮುಂಚೆ ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿ ಮೀನು ಡಬ್ಬಿಗೆ ತುಂಬುತ್ತಿದ್ದೆವು. ನನ್ನ ಬಗ್ಗೆ ಅವನಿಗೆ ಗೊತ್ತೇ ಇರಲಿಲ್ಲ. ಊರಿಗೂರೇ ಸುಳ್ಳಿಗೆ ಕೈಜೋಡಿಸಿತು. ಹೊರಗಿನವರ ಎದುರು ಅವಳು ನನ್ನ ನಾದಿನಿ, ಹೆಸರು ಥೆಕ್ಲಾ. ಆ ಹೆಸರು ಹುಡುಕಿದವಳು ಪಕ್ಕದ ಮನೆಯ ಕಲಿಯೋಪಿ ಅಜ್ಜಿ.

"ಫೋಟೋದಲ್ಲಿ ಹೆಸರಿಲ್ವಲ್ಲ, ಸೆವಸ್ತಿ," ಎಂದಳು ಪರಸ್ಕೆವಿ. "ಅವನು ದಿನಾ ನೆಟ್ಟಲ್ಲಿ ಹುಡುಕೋದು ಹೆಸರನ್ನ."

ಅದು ಅವಳ ಹೆಸರಿನ ಸಂತಳ ಹಬ್ಬದ ಹಿಂದಿನ ದಿನ. ಆ ಹಬ್ಬಕ್ಕೆ ಅದೇ ಹೆಸರಿನವರನ್ನೆಲ್ಲ ಊರು ಹರಸುತ್ತದೆ. ಸಂಜೆಯ ಗಂಟೆ ಬಾರಿಸುವ ಹೊತ್ತಿಗೆ ಫೋಟೋದ ಕೆಳಗೆ ಮೊದಲ ಹಾರೈಕೆ ಬಿತ್ತು. 'ನೂರ್ಕಾಲ ಬಾಳು, ನಮ್ಮ ಪರಸ್ಕೆವಿ.' ಬರೆದವಳು ಕಲಿಯೋಪಿ ಅಜ್ಜಿ. ಆಮೇಲೆ ಬ್ರೆಡ್ಡಿನ ಅಂಗಡಿಯವನು. ಆಮೇಲೆ ಊರಿಗೆ ಊರೇ. ಹಾರೈಕೆ ಬೇರೆ ಯಾವಳೋ ಪರಸ್ಕೆವಿಗೆ ಹೋದೀತೆಂದು ಪಾದ್ರಿಯ ಹೆಂಡತಿ ಮನೆತನದ ಹೆಸರನ್ನೂ ಸೇರಿಸಿದ್ದಳು.

ನಾನು ಓಡಿದೆ. "ಅಜ್ಜೀ, ಏನ್ ಮಾಡಿಬಿಟ್ಟೆ!"

"ಏನೇ ಮಾಡ್ದೆ? ಹಬ್ಬದ ಹೊತ್ತಲ್ಲಿ ಮುಖ ಕಂಡೂ ಹರಸದೆ ಹೋಗೋಕೆ ಅವಳೇನು ಸತ್ತಿದ್ದಾಳಾ?"

"ಥೆಕ್ಲಾ ಅಂತಾದ್ರೂ ಬರೀಬಾರದಿತ್ತಾ?"

"ಥೆಕ್ಲಾ ಹಬ್ಬ ಸೆಪ್ಟೆಂಬರ್‌ನಲ್ಲಿ ಕಣೇ, ಕತ್ತೆ. ಸಂತಳಿಗೇ ಸುಳ್ಳು ಹೇಳ್ತೀಯಾ?" ಎಂದವಳು ಅಲ್ಲೇ ನಿಂತುಬಿಟ್ಟಳು. ಕೈ ಬಾಯಿಗೆ ಹೋಯಿತು. "ಅಯ್ಯೋ, ಕನ್ಯಾಮಾತೆ."

ಮನೆಮನೆಗೆ ಓಡಿ ಎಲ್ಲರದನ್ನೂ ಅಳಿಸಿಸಿದೆವು. ಅಳಿಸುವಷ್ಟರಲ್ಲಿ ಯಾರು ನೋಡಿದರೋ.

ಮರುದಿನ ಬಾಗಿಲು ಹಾಕೋಣ ಎಂದೆ. ನಮ್ಮಲ್ಲಿ ಹಬ್ಬದ ಮನೆಗೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬಾಗಿಲು ತೆರೆದಿರುತ್ತದೆ, ಬರುವವರು ಬರುತ್ತಾರೆ. "ಬಾಗಿಲು ಹಾಕಿದ್ರೆ ಸಾವು ಬಂದ ಮನೆ ಅಂತಾರೆ," ಎಂದು ಅಜ್ಜಿ ಅಡ್ಡಿ ಮಾಡಿದಳು. ಬಾಗಿಲು ತೆರೆದೇ ಉಳಿಯಿತು. ಪರಸ್ಕೆವಿ ಬಂದವರಿಗೆಲ್ಲ ಸಿಹಿ ಹಂಚುತ್ತ, ಪ್ರತಿ ಹೆಜ್ಜೆಯ ಸದ್ದಿಗೂ ಬಾಗಿಲ ಕಡೆ ತಿರುಗುತ್ತಿದ್ದಳು.

ಹಡಗು ಕೂಗಿತು. ಹರಟುತ್ತಿದ್ದ ಹೆಂಗಸರು ಬಂದರಿನ ಕಡೆ ಕತ್ತು ಹೊರಳಿಸಿದರು.

ಲೆಫ್ತೆರಿಸ್ ರಿಬ್ಬನ್ ಕಟ್ಟಿದ ಸಿಹಿಯ ಪೊಟ್ಟಣ ಹಿಡಿದು ಬಂದ. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. "ನೂರ್ಕಾಲ ಬಾಳು, ಪರಸ್ಕೆವಿ."

ಅಭ್ಯಾಸಬಲದಿಂದ ಅಜ್ಜಿ ಬಂದವರಿಗೆಲ್ಲ ಕೊಡುವ ಚೆರ್ರಿ ಪಾಕ, ನೀರು ತಂದು ಅವನ ಮುಂದಿಟ್ಟಳು. ಇಟ್ಟಮೇಲೆ ತನ್ನ ಕೈಯನ್ನೇ ದಿಟ್ಟಿಸಿದಳು. ಅವನು ಚಮಚ ನೆಕ್ಕಿದ.

"ಫೋಟೋ ಚೆನ್ನಾಗಿ ಬಂದಿದೆ. ಸ್ವಲ್ಪ ಮೈ ತುಂಬ್ಕೊಂಡಿದೀಯ. ನಡಿ, ಸಂಜೆ ಹಡಗಿದೆ."

"ಬರಲ್ಲ."

"ಅವಸರ ಏನಿಲ್ಲ ಬಿಡು." ನನ್ನ ಕಡೆ ತಿರುಗಿದ. "ರೂಮು ಕೊಡ್ತೀರಂತಲ್ಲ?"

"ಖಾಲಿ ಇಲ್ಲ."

"ನಂದೂ ತುಂಬಿದೆ," ಎಂದಳು ಬ್ರೆಡ್ಡಿನವನ ಹೆಂಡತಿ.

"ನಂದೂ," ಎಂದಳು ಅಜ್ಜಿ. ಅವಳ ಕೋಣೆಯಲ್ಲಿರುವುದು ಕೋಳಿಗಳು. ಯಾರೂ ನಗಲಿಲ್ಲ. ಅವನೊಬ್ಬ ನಕ್ಕ.

"ಪರವಾಗಿಲ್ಲ. ಬೇಸಿಗೆ ತಾನೆ, ಮರಳ ಮೇಲೂ ನಿದ್ದೆ ಬರುತ್ತೆ." ಸಿಗರೇಟು ಹಚ್ಚಲು ಹೊಸಿಲು ದಾಟಿದ.

ಪರಸ್ಕೆವಿ ಎದ್ದಳು. ಬಾಗಿಲು ಹಾಕಿ ಅಗುಳಿ ಎಳೆದಳು. ಅಜ್ಜಿ ಸಾವಿನ ಮಾತೆತ್ತಲಿಲ್ಲ. ಶಿಲುಬೆ ಗುರುತು ಹಾಕಿಕೊಂಡಳು.

ಹೊರಗೆ ಅವನು ಮೆಟ್ಟಿಲ ಮೇಲೆ ಕೂತದ್ದು ಕೇಳಿಸಿತು. ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಓಣಿಯಲ್ಲಿ ಹೆಜ್ಜೆಗಳು ಬಂದವು.

"ಬನ್ನಿ, ಬನ್ನಿ," ಎಂದ ಅವನು, ಮನೆಯ ಯಜಮಾನನ ಹಾಗೆ. "ನಾನು ಅವಳ ಗಂಡ. ಎಲ್ಲರೂ ಒಳಗಿದ್ದಾರೆ. ತಟ್ಟಿ."

ಯಾರೋ ಬಾಗಿಲು ತಟ್ಟಿದರು. "ಪರಸ್ಕೆವಿ, ತೆಗಿಯಮ್ಮ," ಪಾದ್ರಿಯ ಹೆಂಡತಿಯ ದನಿ, ನಡುಗುತ್ತಿತ್ತು. "ನಾನು ಕಣೇ."

ಪರಸ್ಕೆವಿ ಅಗುಳಿಯ ಮೇಲಿನ ಕೈ ತೆಗೆಯಲಿಲ್ಲ.