ಹಗ್ಗ ಹಿಡಿದವನು

ಕುದುರೆಯ ಜೊತೆ ಮನುಷ್ಯರ ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು. ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷದಲ್ಲಿ ಕುದುರೆಗಳ ಮೇಲೆ ನನಗೆ ಒಂದು ದಿನವೂ ಸಿಟ್ಟು ಬಂದಿಲ್ಲ. ಮನುಷ್ಯರ ಮೇಲೆ ಬಾರದ ದಿನವಿಲ್ಲ.

ಅಂಥ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಸಂಜೆಯ ಹುಲ್ಲುಗಾವಲು, ಒಬ್ಬಳು ಹುಡುಗಿ, ಪಕ್ಕದಲ್ಲಿ ಕಂಬ ನೆಟ್ಟ ಹಾಗೆ ನಿಂತ ಕುದುರೆ. ಯಾವ ಕುದುರೆಯೂ ತಾನಾಗಿ ಹಾಗೆ ನಿಲ್ಲುವುದಿಲ್ಲ. ಒಂದು ಪಕ್ಕದಲ್ಲಿ ಒಬ್ಬ ಹಗ್ಗ ಹಿಡಿದು ನಿಂತಿರುತ್ತಾನೆ. ನಾಲಿಗೆಯಲ್ಲಿ ಲೊಚ್ ಲೊಚ್ ಎಂದು ಸದ್ದು ಮಾಡಿ ಕುದುರೆಯ ಕಿವಿ ಮುಂದಕ್ಕೆ ತರುತ್ತಾನೆ. ಕಿವಿ ಹಿಂದಕ್ಕೆ ಬಿದ್ದರೆ ಫೋಟೋ ದಂಡ. ಆಮೇಲೆ ಮನೆಯಲ್ಲಿ ನಮ್ಮಕ್ಕ ಕಂಪ್ಯೂಟರಿನ ಮುಂದೆ ಕೂತು, ಆ ಮನುಷ್ಯನನ್ನೂ ಅವನ ಹಗ್ಗವನ್ನೂ ಅಳಿಸಿ, ಆ ಜಾಗಕ್ಕೆ ಹುಲ್ಲು ತುಂಬುತ್ತಾಳೆ. ಹಗ್ಗ ಹಿಡಿಯುವವನು ಕಪ್ಪು ಬಣ್ಣದ ತುಂಬುತೋಳಿನ ಅಂಗಿಯಲ್ಲೇ ಬರಬೇಕೆಂದು ನನ್ನ ಕಟ್ಟಪ್ಪಣೆ. ಬಿಳಿ ಅಂಗಿ ಹಾಕಿದರೆ ಅದರ ಬೆಳಕು ಕುದುರೆಯ ಮೈಮೇಲೆ ಬೀಳುತ್ತದೆ. ಮನುಷ್ಯನನ್ನು ಅಳಿಸಿಬಿಡಬಹುದು, ಅವನಿಂದ ಬಿದ್ದ ಬೆಳಕನ್ನು ಅಳಿಸುವುದು ಕಷ್ಟ.

ನಾನು ಮೊದಲಿನಿಂದಲೂ ಹೋಗುತ್ತಿದ್ದ ಒಂದು ಲಾಯದಲ್ಲಿ ಹಗ್ಗ ಹಿಡಿಯುತ್ತಿದ್ದವನನ್ನು ಎಲ್ಲರೂ ಹಗ್ಗದಣ್ಣ ಎನ್ನುತ್ತಿದ್ದರು. ಐವತ್ತು ದಾಟಿದ ಸಣಕಲು ಆಳು, ಬಣ್ಣ ಎಣ್ಣೆಗಪ್ಪು. ಕುದುರೆಗಳ ಮೈ ಉಜ್ಜುವುದು, ಗೊರಸು ಕೆರೆಯುವುದು, ಲದ್ದಿ ಬಾಚುವುದು ಎಲ್ಲ ಅವನದೇ. ನಾನು ಅಲ್ಲಿ ತೆಗೆದ ನೂರಾರು ಫೋಟೋಗಳಲ್ಲಿ ಅವನಿದ್ದ, ಒಂದರಲ್ಲೂ ಉಳಿದಿರಲಿಲ್ಲ. ಅಷ್ಟು ಫೋಟೋಗಳಲ್ಲೂ ಕುದುರೆಗಳು ಏನನ್ನೋ ಪ್ರೀತಿಯಿಂದ ನೋಡುತ್ತಿರುವ ಹಾಗೆ ಕಾಣುತ್ತವೆ. ನೋಡುತ್ತಿರುವುದು ಅವನನ್ನೇ.

ಹಿಟ್ಟು ಎಂಬ ಬಿಳಿ ಹೆಣ್ಣು ಕುದುರೆಗೆ ಆಗ ಇಪ್ಪತ್ತಾರು ವರ್ಷ. ಹಿಂಗಾಲು ಒಂದು ಕೆಟ್ಟುಹೋಗಿತ್ತು. ಲಾಯದ ಯಜಮಾನಿ ನನಗೆ ಫೋನ್ ಮಾಡಿ, "ನಾಳೆ ಬೆಳಿಗ್ಗೆ ಡಾಕ್ಟರು ಬಂದು ಸೂಜಿ ಹಾಕಿ ಹಿಟ್ಟುನ ಮುಗಿಸಿಬಿಡ್ತಾರೆ. ಇವತ್ತು ಸಂಜೆ ಮಗಳ ಜೊತೆ ಅದರದ್ದೊಂದಷ್ಟು ಫೋಟೋ ಆಗ್ಬೇಕು. ಅವಳು ಸವಾರಿ ಕಲ್ತಿದ್ದೇ ಅದರ ಮೇಲೆ" ಎಂದರು. ಹಾಲಿನವನಿಗೆ ನಾಳೆಯಿಂದ ಹಾಲು ಬೇಡ ಎನ್ನುವಾಗಲೂ ಜನ ಇದಕ್ಕಿಂತ ಸ್ವಲ್ಪ ಮೆತ್ತಗೆ ಮಾತಾಡುತ್ತಾರೆ.

ನಾನು ಹೋಗುವಷ್ಟರಲ್ಲಿ ಐದು ಗಂಟೆ. ಹೊತ್ತು ಮುಳುಗಲು ಒಂದು ತಾಸಿತ್ತು. ಫ್ಲ್ಯಾಶ್ ಹಾಕುವ ಹಾಗಿಲ್ಲ, ಮುದಿ ಕುದುರೆ ಬೆದರಿದರೆ ಬಿದ್ದುಬಿಡುತ್ತದೆ. ನನ್ನ ಬಳಿ ಇದ್ದದ್ದು ಅಂಗೈಯಗಲದ ಒಂದು ಬ್ಯಾಟರಿ ದೀಪ, ಬಿಸಿಲನ್ನು ತಿರುಗಿಸಿ ಮುಖದ ಮೇಲೆ ಹಾಯಿಸಲು ಬೇಲಿಗೆ ಬಿಗಿದು ಕಟ್ಟುವ ಒಂದು ಬಿಳಿ ಬೆಡ್‌ಶೀಟು. ಅಷ್ಟರಲ್ಲೇ ಎಲ್ಲ ಆಗಬೇಕು. ಯಜಮಾನಿಯ ಮಗಳು ಬಂದದ್ದೇ ಐದೂವರೆಗೆ. ನಾಲ್ಕು ವರ್ಷದಿಂದ ಅವಳು ಲಾಯದ ಕಡೆ ತಲೆ ಹಾಕಿರಲಿಲ್ಲ.

"ಇದು ಇಷ್ಟು ವಾಸನೆ ಹೊಡೀತಿತ್ತಾ ಮೊದ್ಲೂ?" ಎಂದು ಅವಳು ಮೂಗಿಗೆ ಕೈ ಅಡ್ಡ ಹಿಡಿದಳು.

"ಕಾಲಿಗೆ ಔಷಧಿ ಹಚ್ಚಿದೀನಿ, ಅಮ್ಮಾ" ಎಂದ ಹಗ್ಗದಣ್ಣ.

ಯಜಮಾನಿ ನನ್ನ ಬೆನ್ನ ಹಿಂದೆ ನಿಂತು ಒಂದೇ ಸಮನೆ ಕಾಟ ಕೊಟ್ಟರು. "ಕುಂಟೋದು ಕಾಣಬಾರ್ದು. ಏಯ್, ಆ ಕಾಲನ್ನ ನೆಟ್ಟಗೆ ಊರಿಸು. ಫೋಟೋದಲ್ಲಿ ಚೆನ್ನಾಗಿರ್ಬೇಕು ಅದು."

"ಊರಿದ್ರೆ ನೋವಾಗುತ್ತಮ್ಮಾ ಇವಳಿಗೆ."

"ನಾಳೆಯಿಂದ ಯಾವ ನೋವೂ ಇರಲ್ಲ ಬಿಡು. ಊರಿಸು."

ಅವನು ಬಗ್ಗಿ ಕುದುರೆಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಊರಿಸಿದ. ಅದರ ತೊಡೆ ಅದುರುತ್ತಿದ್ದುದು ನನ್ನ ಲೆನ್ಸಿನಲ್ಲಿ ಚೆನ್ನಾಗಿ ಕಂಡಿತು. ನಾನು ನಿಲ್ಲಿಸಿ ಎನ್ನಬಹುದಿತ್ತು. ಅನ್ನಲಿಲ್ಲ. ಬಿಸಿಲು ಹೋಗುತ್ತಿತ್ತು, ನನಗೆ ಫೋಟೋ ಬೇಕಿತ್ತು. ಅವನು ಹಗ್ಗ ಹಿಡಿದು ಪಕ್ಕಕ್ಕೆ ಸರಿದು ಲೊಚ್ ಎಂದ ಕೂಡಲೇ ನೋವಿನಲ್ಲೂ ಅದರ ಎರಡೂ ಕಿವಿ ಮುಂದಕ್ಕೆ ಬಂದವು. ನಲವತ್ತು ಫೋಟೋ ತೆಗೆದೆ. ಹುಡುಗಿ ನಲವತ್ತರಲ್ಲೂ ಉಸಿರು ಬಿಗಿಹಿಡಿದು ನಕ್ಕಳು. ಮುಗಿದ ಮೇಲೆ ಅವಳು ಕೈ ತೊಳೆಯಲು ಓಡಿದಳು, ಯಜಮಾನಿ ಅವಳ ಹಿಂದೆ ಹೋದರು.

ನಾನು ಬೆಡ್‌ಶೀಟು ಬಿಚ್ಚುವಾಗ ಹಗ್ಗದಣ್ಣ ಹತ್ತಿರ ಬಂದ. ಈ ಮನುಷ್ಯ ಹನ್ನೊಂದು ವರ್ಷದಲ್ಲಿ ನನ್ನ ಬಳಿ ಒಂದು ಲೋಟ ನೀರನ್ನೂ ಕೇಳಿದವನಲ್ಲ.

"ಫೋಟೋದಮ್ಮಾ, ನನ್ನ ಜೊತೆ ಇವಳದ್ದು ಒಂದು ತೆಗೀತೀರಾ? ಒಂದೇ ಒಂದು ಸಾಕು. ಇವಳು ಹುಟ್ಟಿದಾಗ ಎತ್ಕೊಂಡು ಮೈ ಒರೆಸಿದ್ದು ನಾನೇ. ಇವಳದ್ದು ಅಂತ ನನ್ನ ಹತ್ರ ಏನೂ ಇಲ್ಲ."

ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. "ಬೇಗ ನಿಲ್ಲು ಹಾಗಾದ್ರೆ. ಬೆಳಕು ಹೋಗ್ತಿದೆ" ಎಂದೆ.

"ಒಂದು ನಿಮಿಷ. ರೂಮಲ್ಲಿ ಬಿಳಿ ಅಂಗಿ ಇಟ್ಟಿದೀನಿ, ಇಸ್ತ್ರಿ ಮಾಡಿದ್ದು. ಹಾಕ್ಕೊಂಡು ಬಂದ್ಬಿಡ್ತೀನಿ."

"ನೀನು ಶೃಂಗಾರ ಮಾಡ್ಕೊಂಡು ಬರೋ ತನಕ ಸೂರ್ಯ ನಿಂಗೋಸ್ಕರ ಕಾಯ್ತಾ ಕೂರಲ್ಲ. ಇದ್ದ ಹಾಗೇ ನಿಲ್ಲು."

ಅವನು ನಿಂತ. ಹಿಂದೆ ಬೇಲಿಯ ಮರಗಳು ಆಗಲೇ ಕಪ್ಪಗಾಗಿದ್ದವು. ಬಿಳಿ ಕುದುರೆ, ಕಪ್ಪು ಮನುಷ್ಯ, ಮೈಮೇಲೆ ಕಪ್ಪು ಅಂಗಿ. ಕುದುರೆಗೆ ಬೆಳಕು ಸರಿಮಾಡಿದರೆ ಮನುಷ್ಯ ಮಸಿಯಾಗುತ್ತಾನೆ, ಮನುಷ್ಯನಿಗೆ ಸರಿಮಾಡಿದರೆ ಕುದುರೆ ಸುಣ್ಣ ಬಳಿದ ಗೋಡೆಯಾಗುತ್ತದೆ. ಇದನ್ನು ಅವನಿಗೂ ಹಿಂದೊಮ್ಮೆ ಹೇಳಿದ್ದೆ. ಬೆಡ್‌ಶೀಟನ್ನು ಅವನ ಮುಖದ ಬದಿಗೆ ಮತ್ತೆ ಕಟ್ಟಿದೆ. ಬ್ಯಾಟರಿ ದೀಪವನ್ನು ಎಡಗೈಯಲ್ಲಿ ಎತ್ತಿ ಹಿಡಿದು ಅವನ ಕೆನ್ನೆಯ ಮೇಲಷ್ಟೇ ಬಿಟ್ಟೆ. ಅವನು ನಾಲಿಗೆ ಸದ್ದು ಮಾಡಲೇ ಇಲ್ಲ. ಹಿಟ್ಟು ತಾನಾಗಿ ಒಂದು ಹೆಜ್ಜೆ ಮುಂದೆ ಬಂದು ಅವನ ಹೆಗಲ ಮೇಲೆ ಗದ್ದ ಇಟ್ಟು, ಕೆಟ್ಟ ಕಾಲನ್ನು ಮೇಲಕ್ಕೆತ್ತಿಕೊಂಡು ಕಣ್ಣು ಅರೆಮುಚ್ಚಿತು. ನಾನು ಒಂದು ಸಲ ಒತ್ತಿದೆ. ಮತ್ತೆ ಒತ್ತುವಷ್ಟರಲ್ಲಿ ಬೆಳಕು ಹೋಯಿತು.

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ನೋಡಿದೆ. ಜಂಬ ಕೊಚ್ಚುತ್ತಿಲ್ಲ, ನಾನು ಈ ಜನ್ಮದಲ್ಲಿ ತೆಗೆದ ಒಳ್ಳೆಯ ಫೋಟೋ ಅದೇ. ಅವನ ಕಣ್ಣಿನ ಕೆಳಗಿನ ಒಂದೊಂದು ಗೆರೆಯೂ ಕಾಣುತ್ತಿತ್ತು. ಅವನಿಗೆ ತೋರಿಸೋಣವೆಂದು ತಿರುಗಿದರೆ ಯಜಮಾನಿ ಬಂದು ನಿಂತಿದ್ದರು.

"ಕರೆಸಿದ್ದು ನಮ್ಮ ಹುಡುಗಿಯ ಫೋಟೋಗೆ. ಕೂಲಿಯವರದ್ದು ತೆಗೆಯೋಕೆ ಅಲ್ಲ. ನಿನ್ನೆ ಮೊನ್ನೆ ಕಲಿತವರ ಹಾಗೆ ಆಡ್ಬೇಡಿ" ಎಂದು ಅವನ ಮುಂದೆಯೇ ನನ್ನ ನೀರಿಳಿಸಿದರು.

ನನ್ನ ಪಿತ್ತ ನೆತ್ತಿಗೇರಿತು. ಅವರಿಗೆ ಎದುರಾಡಲು ಆಗಲಿಲ್ಲ, ಹಾಗಾಗಿ ಆ ಸಿಟ್ಟನ್ನೆಲ್ಲ ಹಾಗೇ ಮನೆಗೆ ಹೊತ್ತುಕೊಂಡು ಹೋದೆ. ಮರುದಿನ ಬೆಳಗಾಗುವ ಮೊದಲೇ ಬೇರೊಂದು ಊರಿಗೆ ಹೊರಡಬೇಕಿತ್ತು. ಕ್ಯಾಮೆರಾದ ಕಾರ್ಡನ್ನು ಅಕ್ಕನ ಮೇಜಿನ ಮೇಲೆ ಎಸೆದೆ. "ಎಲ್ಲದರಲ್ಲೂ ಹಗ್ಗದಣ್ಣನ್ನ ತೆಗಿ. ಕಾರ್ಡು ಖಾಲಿ ಮಾಡಿ ಕೊಡು, ಬೆಳಿಗ್ಗೆ ಬೇಕು."

"ಎಲ್ಲದರಲ್ಲೂನಾ?" ಎಂದಳು ಅಕ್ಕ.

"ಎಷ್ಟು ವರ್ಷದಿಂದ ಮಾಡ್ತಿದೀಯಾ? ಇನ್ನೂ ಬಿಡಿಸಿ ಹೇಳ್ಬೇಕಾ?"

ಅಕ್ಕ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ಅವಳು ನನಗಿಂತ ಆರು ವರ್ಷ ದೊಡ್ಡವಳು, ಆದರೂ ನನ್ನ ಬಾಯಿಗೆ ಹೆದರುತ್ತಾಳೆ. ಮೊದಲೆಲ್ಲ ಅವಳು ಒಂದೊಂದು ಫೋಟೋದ್ದೂ ಅಸಲು ಕಾಪಿ ಬೇರೆ ಇಟ್ಟುಕೊಳ್ಳುತ್ತಿದ್ದಳು. "ಎರಡೆರಡು ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ? ಕಂಪ್ಯೂಟರಲ್ಲಿ ಜಾಗ ಎಲ್ಲಿದೆ?" ಎಂದು ಬೈದು ಆ ಅಭ್ಯಾಸ ಬಿಡಿಸಿದವಳು ನಾನೇ.

ಮೂರನೆಯ ದಿನ ಊರಿಂದ ವಾಪಸು ಬಂದೆ. ಅಕ್ಕ ನನ್ನನ್ನು ಕರೆದು ಪರದೆಯ ಮುಂದೆ ಕೂರಿಸಿದಳು. ಅಪರೂಪಕ್ಕೆ ಮುಖದಲ್ಲಿ ಹೆಮ್ಮೆ ಇತ್ತು.

"ಕೊನೇದನ್ನ ನೋಡು. ಅಪ್ಪಾ, ನನ್ನ ಪ್ರಾಣ ತಿಂತು. ಕುದುರೆ ಅವನ ಮೈಮೇಲೇ ಬಿದ್ದಿತ್ತು ಕಣೇ. ಹಿಂದೆ ಎಲ್ಲ ಕತ್ತಲು ಅಂತ ಕತ್ತಲನ್ನೇ ತುಂಬಿದೆ. ಗದ್ದದ ಅಂಚು ಬಿಡಿಸೋಕೇ ಮೂರು ಗಂಟೆ ಹಿಡೀತು. ಅಲ್ಲಿ ಒಬ್ಬ ಮನುಷ್ಯ ಇದ್ದ ಅಂತ ಯಾರಿಗಾದ್ರೂ ಗೊತ್ತಾಗುತ್ತಾ ಹೇಳು."

ಗೊತ್ತಾಗುತ್ತಿರಲಿಲ್ಲ. ಬಿಳಿ ಕುದುರೆಯೊಂದು ಕಣ್ಣು ಅರೆಮುಚ್ಚಿ, ಕತ್ತಲೆಯ ಮೇಲೆ ಗದ್ದ ಇಟ್ಟು ನಿಂತಿತ್ತು.

"ಅಸಲು ಎಲ್ಲಿ?"

"ಇದೇ. ಇದರ ಮೇಲೇ ಸೇವ್ ಮಾಡಿದೆ. ನೀನೇ ಹೇಳಿದ್ದಲ್ವಾ?"

ಕಾರ್ಡಿನಲ್ಲಿ ಆಗಲೇ ಬೇರೆಯವರ ಕುದುರೆಗಳು ತುಂಬಿದ್ದವು. ನಾನು ಅಕ್ಕನಿಗೆ ಬಾಯಿಗೆ ಬಂದದ್ದು ಬೈದೆ. ದಡ್ಡಿ ಎಂದೆ, ಕಣ್ಣಿಲ್ಲವಾ ಎಂದೆ, ಕೂತು ತಿನ್ನುವವಳು ಎಂದೂ ಅಂದೆ. ಅವಳು ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಪ್ಪು ನನ್ನದೆಂದು ಬೈಯುವಾಗಲೂ ನನಗೆ ಚೆನ್ನಾಗಿ ಗೊತ್ತಿತ್ತು.

ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡಬೇಕೆಂದು ನಿರ್ಧಾರ ಮಾಡಿಕೊಂಡೇ ಮರುದಿನ ಲಾಯಕ್ಕೆ ಹೋದೆ. ಬರಿಗೈಯಲ್ಲಿ ಹೋಗಲು ಆಗದೆ ಆ ಫೋಟೋದ ಒಂದು ಪ್ರತಿಯನ್ನು ಲಕೋಟೆಯಲ್ಲಿ ಹಾಕಿಕೊಂಡಿದ್ದೆ. ಹಿಟ್ಟು ನಿಲ್ಲುತ್ತಿದ್ದ ಜಾಗವನ್ನು ತೊಳೆದು ಸುಣ್ಣ ಹಾಕಿದ್ದರು. ಹಗ್ಗದಣ್ಣ ನನ್ನನ್ನು ಕಂಡವನೇ ಪೊರಕೆ ಇಟ್ಟು, ಕೈ ತೊಳೆದು, ಒರೆಸಿಕೊಂಡು ಬಂದ. ಲಕೋಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಬಹಳ ಹೊತ್ತು ನೋಡಿದ. ಫೋಟೋವನ್ನು ಬಾಗಿಲ ಬಳಿಯ ಬೆಳಕಿಗೆ ಒಯ್ದು ಓರೆ ಮಾಡಿ ನೋಡಿದ.

"ಇವಳು ಚೆನ್ನಾಗಿ ಬಂದಿದಾಳೆ" ಎಂದ. ಆಮೇಲೆ ಗದ್ದದ ಕೆಳಗೆ ಬೆರಳಿಟ್ಟು, "ಇಲ್ಲಿ ನನ್ನ ಹೆಗಲು ಇರ್ಬೇಕಲ್ಲ? ನಾನೆಲ್ಲಿ ಫೋಟೋದಮ್ಮಾ?"

ಹೇಳು, ಹೇಳಿಬಿಡು ಎಂದು ನನಗೆ ನಾನೇ ಅಂದುಕೊಂಡೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ಬಾಯಿಂದ ಬಂದದ್ದು ಬೇರೆಯೇ.

"ಬೆಳಕು ಸಾಲಲಿಲ್ಲ ಹಗ್ಗದಣ್ಣ. ಅವಳು ಬಿಳಿ, ಕಾಣಿಸಿದ್ಲು. ನೀನು ಕಪ್ಪು. ಹಿಂದೆ ಕತ್ತಲು ಬೇರೆ. ಅದರಲ್ಲೇ ಸೇರ್ಕೊಂಡ್ಬಿಟ್ಟೆ."

ಅವನು ಮತ್ತೆ ಫೋಟೋ ನೋಡಿದ. ನಿಧಾನವಾಗಿ ತಲೆಯಾಡಿಸಿದ.

"ಹೌದಲ್ಲ. ಕುದುರೆಗೆ ಸರಿಮಾಡಿದ್ರೆ ಮನುಷ್ಯ ಮಸಿ ಆಗ್ತಾನೆ ಅಂತ ನೀವೇ ಹೇಳಿದ್ರಿ. ಹಗ್ಗವೂ ಕಪ್ಪೇ ಇತ್ತು." ಮೈಮೇಲಿನ ಅಂಗಿಯನ್ನು ನೋಡಿಕೊಂಡು, "ನಂದೇ ತಪ್ಪು. ಅವತ್ತೇ ಓಡಿ ಹೋಗಿ ಆ ಬಿಳಿ ಅಂಗಿ ಹಾಕ್ಕೊಂಡು ಬಂದಿದ್ರೆ ಒಂದಿಷ್ಟಾದ್ರೂ ಕಾಣ್ತಿದ್ದೆ" ಎಂದ. ಫೋಟೋವನ್ನು ಲಕೋಟೆಗೆ ಹಾಕಿ, "ನಾನಿರೋದು ನಂಗೆ ಗೊತ್ತಲ್ಲ, ಸಾಕು ಬಿಡಿ. ನಿಮಗೆ ಸುಮ್ನೆ ತೊಂದರೆ ಕೊಟ್ಟೆ" ಎಂದು ಕೈ ಮುಗಿದ.

ಅವನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಎರಡು ವಾರದ ನಂತರ ಯಜಮಾನಿ ಮತ್ತೆ ಕರೆಸಿದರು. ಮಗಳಿಗೆ ಹೊಸ ಕುದುರೆ ತಂದಿದ್ದರು, ಕಂದು ಬಣ್ಣದ್ದು, ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದೇ ಹುಲ್ಲುಗಾವಲು, ಅದೇ ಬೆಡ್‌ಶೀಟು. ಮೋಡ ಬೇರೆ ಕವಿದಿತ್ತು. ಹಗ್ಗದಣ್ಣ ಕುದುರೆಯನ್ನು ಹಿಡಿದು ಬಂದ. ಬಿಳಿ ಅಂಗಿ ಹಾಕಿದ್ದ. ಇಸ್ತ್ರಿಯ ಗೆರೆ ನೆಟ್ಟಗಿತ್ತು, ಕತ್ತಿನ ತನಕ ಗುಂಡಿ ಹಾಕಿಕೊಂಡಿದ್ದ.

ಅವನ ಬಿಳುಪು ಕುದುರೆಯ ಮೈಮೇಲೆ ಆಗಲೇ ಬಿದ್ದಿತ್ತು. ಭುಜದಿಂದ ಹೊಟ್ಟೆಯವರೆಗೆ ಒಂದು ಪಟ್ಟೆ. ಯಜಮಾನಿ ಅದನ್ನು ನೋಡಿ ನನ್ನ ಕಡೆ ತಿರುಗಿದರು.

"ಹಗ್ಗದಣ್ಣ, ಅಂಗಿ ಬದಲಾಯಿಸ್ಕೊಂಡು ಬಾ. ಕಪ್ಪು ಬಣ್ಣದ್ದು ಹಾಕ್ಕೋ" ಎಂದೆ.

"ಇವತ್ತೂ ಬೆಳಕು ಕಡಿಮೆ ಇದೆಯಲ್ಲ ಫೋಟೋದಮ್ಮಾ" ಎಂದ ಅವನು, ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ.

"ಗೊತ್ತು. ಹೋಗು, ಬೇಗ ಬಾ."

ಅವನು ಹೋಗಿ ಕಪ್ಪು ಅಂಗಿ ಹಾಕಿಕೊಂಡು ಬಂದು ಹಗ್ಗ ಹಿಡಿದು ನಿಂತ. ಲೊಚ್ ಎಂದ, ಕುದುರೆಯ ಕಿವಿ ಮುಂದಕ್ಕೆ ಬಂದವು. ಫೋಟೋಗಳು ಚೆನ್ನಾಗಿ ಬಂದವು. ಅವನನ್ನು ಅಳಿಸಲು ಅಕ್ಕನಿಗೆ ಒಂದೊಂದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ.