ಊರವರೆಲ್ಲ ನೋಡಿದ ಮುಖ

ಎರಡು ಸಂಜೆ, ಏಳು ಜಾದೂ ಪ್ರದರ್ಶನ. ಹೋಟೆಲಿನ ಕೆಳಗಿನ ಕೌಂಟರಿನಿಂದ ತಂದ ಬಣ್ಣದ ಜಾಹೀರಾತು ಕಾಗದವನ್ನು ಮಗಳು ಹಾಸಿಗೆಯ ಮೇಲೆ ಹರಡಿ, "ಎರಡು ಆರಿಸಿ. ಆದ್ರೆ ಜಗಳ ಮಾಡ್ಬೇಡಿ" ಅಂದಳು. ಗಂಡ ಹೆಂಡತಿ ನಮ್ಮಿಬ್ಬರಿಗೆ ಜಗಳ ಮಾಡಬೇಡಿ ಅನ್ನುವುದೂ ಒಂದೇ, ಮೀನಿಗೆ ಈಜಬೇಡ ಅನ್ನುವುದೂ ಒಂದೇ.

ನನ್ನ ಗಂಡ ಜಾದೂಗಾರರಾಗಿದ್ದವರು. ನಾನು ಅವರ ಪೆಟ್ಟಿಗೆಯೊಳಗಿನ ಹೆಂಗಸು. ಇಪ್ಪತ್ತೆರಡು ವರ್ಷ ಊರೂರು ತಿರುಗಿದೆವು. ಪ್ರತಿ ಪ್ರದರ್ಶನದ ಕೊನೆಗೆ ನಾನು ಮರದ ಪೆಟ್ಟಿಗೆಯಲ್ಲಿ ಮುದುಡಿ ಕೂರುತ್ತಿದ್ದೆ, ಇವರು ಮುಚ್ಚಳ ಹಾಕಿ, ಬ್ಯಾಂಡ್ ನಿಲ್ಲಿಸಿ, ಹನ್ನೆರಡು ಕತ್ತಿಗಳನ್ನು ಒಂದೊಂದಾಗಿ ತೂರಿಸುತ್ತಿದ್ದರು. ಆಮೇಲೆ ಕತ್ತಿಗಳನ್ನೆಲ್ಲ ಎಳೆದರೆ ನಾನು ನಗುತ್ತಾ ಎದ್ದು ಬರುತ್ತಿದ್ದೆ. ತಂಡದವರು ನನಗಿಟ್ಟ ಹೆಸರೇ ಪೆಟ್ಟಿಗೆಯಮ್ಮ. ಆರು ವರ್ಷದ ಹಿಂದೆ ಇವರ ಕೈ ನಡುಗಲು ಶುರುವಾಯಿತು. ಒಂದು ದಿನ ತಾಲೀಮಿನಲ್ಲಿ ಐದನೆಯ ಕತ್ತಿ ನನ್ನ ತೋಳನ್ನು ಸವರಿಕೊಂಡು ಹೋಯಿತು. ಗಾಯವೇನಲ್ಲ, ಬರೀ ಗೀರು. ಅಷ್ಟಕ್ಕೇ ಇವರು ಕತ್ತಿಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ಟರು. ಪೆಟ್ಟಿಗೆಯಲ್ಲಿ ಈಗ ಕಂಬಳಿ, ದಿಂಬು ತುಂಬಿದ್ದೇನೆ. ಅಷ್ಟೊಂದು ತೂತಿರುವುದರಿಂದ ಗಾಳಿ ಚೆನ್ನಾಗಿ ಆಡುತ್ತದೆ.

"ಮಾವ, ಇದು ನೋಡಿ, ಪಾರಿವಾಳದ್ದು" ಎಂದು ಅಳಿಯ ಮೊದಲನೆಯ ಚಿತ್ರ ತೋರಿಸಿದ.

"ಬೇಡಪ್ಪ. ಕೋಟಿನ ಎದೆ ಹೇಗೆ ಉಬ್ಬಿದೆ ನೋಡು. ಚಿತ್ರದಲ್ಲೇ ಪಾರಿವಾಳ ಗೊತ್ತಾಗ್ತಿದೆ, ಇನ್ನು ಸ್ಟೇಜ್ ಮೇಲೆ ಯಾರ ಕಿವಿ ಮೇಲೆ ಹೂವಿಡ್ತಾನೆ ಇವನು?"

"ಮನಸ್ಸು ಓದೋರು?"

"ಮೊದಲ ಸಾಲಲ್ಲಿ ಅವನ ಭಾವಮೈದ ಕೂತಿರ್ತಾನೆ."

"ಕಣ್ಣಿಗೆ ಬಟ್ಟೆ ಕಟ್ಕೊಂಡು ಸೈಕಲ್ ಹೊಡೆಯೋರು?"

"ಅವನನ್ನ ನೋಡೋಕೆ ಪೊಲೀಸರು ಹೋಗ್ಲಿ, ನಾವ್ಯಾಕೆ?"

ಹೀಗೆ ಒಂದೊಂದಕ್ಕೂ ಮೂಗು ಮುರಿದು ಕೊನೆಗೆ ಇವರು ಬೆರಳಿಟ್ಟದ್ದು ಇಸ್ಪೀಟಿನ ಪ್ರದರ್ಶನದ ಮೇಲೆ. ಚಿಕ್ಕ ಕೋಣೆ, ನಲವತ್ತೇ ಕುರ್ಚಿ, ಒಂದು ಮೇಜು, ಒಬ್ಬ ಮುದುಕ. ಸರಿ, ಅದು ಅವರ ಪಾಲು. ನಾನು ಐದನೆಯ ಚಿತ್ರದ ಮೇಲೆ ಕೈಯಿಟ್ಟೆ. ಅದರಲ್ಲಿ ಒಂದು ಪೆಟ್ಟಿಗೆ, ಸುತ್ತ ಕತ್ತಿ.

ಇವರು ಮುಖ ಗಂಟು ಹಾಕಿಕೊಂಡರು. "ಇಪ್ಪತ್ತೆರಡು ವರ್ಷ ಅದರಲ್ಲೇ ಕೂತಿದ್ದು ಸಾಕಾಗ್ಲಿಲ್ವಾ ನಿಂಗೆ? ರಜೆ ಅಂತ ಇಷ್ಟು ದೂರ ಬಂದು ಮತ್ತೆ ಅದೇ ಪೆಟ್ಟಿಗೆ ನೋಡ್ಬೇಕಾ?"

"ನೋಡ್ಬೇಕು. ನಾನು ಅದನ್ನ ನೋಡಿದ್ದಾದ್ರೂ ಯಾವಾಗ?"

"ಗುಟ್ಟೆಲ್ಲ ಗೊತ್ತಿರೋದೇ ಅಲ್ವೇನೇ?"

"ಗುಟ್ಟು ಯಾರಿಗೆ ಬೇಕ್ರೀ? ನಿಮ್ಮದು ನೀವು ಆರಿಸಿದ್ರಿ, ನನ್ನದು ನಾನು ಆರಿಸ್ದೆ. ಮುಗೀತು."

ಇವರು ಗೊಣಗಿಕೊಂಡು ಚಪ್ಪಲಿ ಮೆಟ್ಟಿ ಹೊರಗೆ ಹೋದರು, ಅಳಿಯನೂ ಹಿಂದೆಯೇ ಹೋದ. ಮಗಳು ನನ್ನ ಪಕ್ಕಕ್ಕೆ ಬಂದು ಕೂತು, "ಯಾಕಮ್ಮ ಇಷ್ಟು ಹಠ?" ಅಂದಳು.

ಹೇಳಬಾರದು ಅಂದುಕೊಂಡಿದ್ದೆ. ಬಾಯಿ ಕೇಳಬೇಕಲ್ಲ. "ನಾನು ನಿಮ್ಮಪ್ಪನ್ನ ನೋಡೇ ಇಲ್ಲ ಕಣೇ" ಅಂದುಬಿಟ್ಟೆ.

ನಿಜವಾಗಿಯೂ ನೋಡಿಲ್ಲ. ಪ್ರದರ್ಶನ ಮುಗಿದ ಮೇಲೆ ಯಾವ ಊರಿನಲ್ಲಾದರೂ ಯಾರಾದರೊಬ್ಬ ಹೆಂಗಸು ನನ್ನ ಕೈ ಹಿಡಿದು, "ಕತ್ತಿ ಹಾಕುವಾಗ ನಿಮ್ಮವರ ಮುಖ ನೋಡ್ಬೇಕು ಕಣ್ರೀ, ಅಬ್ಬಬ್ಬಾ, ರಾಜನ ಹಾಗೆ!" ಅನ್ನುತ್ತಿದ್ದಳು. ಒಂದೂರಿನಲ್ಲಿ ಟಿಕೆಟ್ ಹರಿಯುವವಳಂತೂ ಆ ಮುಖಕ್ಕೋಸ್ಕರವೇ ಮೂರು ದಿನವೂ ಬಾಗಿಲು ಬಿಟ್ಟು ಒಳಗೆ ಬಂದು ನಿಂತಿದ್ದೆ ಎಂದು ನನ್ನೆದುರಿಗೇ ನಾಚದೆ ಹೇಳಿದಳು. "ಹೌದಾ" ಎಂದು ನಕ್ಕೆ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಗಡ್ಡ ಹೆರೆಯುವಾಗಿನ ಮುಖ ನನಗೆ ಗೊತ್ತು, ಗೊರಕೆ ಹೊಡೆಯುವ ಮುಖ ಗೊತ್ತು, ಊಟಕ್ಕೆ ಉಪ್ಪು ಹೆಚ್ಚಾದಾಗಿನ ಸೊಟ್ಟ ಮುಖವಂತೂ ಚೆನ್ನಾಗಿ ಗೊತ್ತು. ಊರವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ ಆ ಒಂದು ಮುಖ ಮಾತ್ರ ಗೊತ್ತಿಲ್ಲ. ಅದು ಬರುವ ಹೊತ್ತಿಗೆ ನಾನು ಕತ್ತಲಲ್ಲಿ ಇರುತ್ತಿದ್ದೆ. ಯಾರೋ ತೆಗೆದ ಒಂದು ವಿಡಿಯೊ ಮನೆಯಲ್ಲಿದೆ. ಅದರಲ್ಲಿ ಇವರು ಬೆಂಕಿಕಡ್ಡಿಯಷ್ಟು ಎತ್ತರ, ಮುಖವೆಂದರೆ ಒಂದು ಬಿಳಿ ಚುಕ್ಕೆ.

"ಇನ್ನು ಅವರು ಮಾಡೋದಿಲ್ಲ. ಬೇರೆ ಯಾರಾದ್ರೂ ಮಾಡೋದನ್ನ ಒಂದು ಸಲ ಎದುರಿಗೆ ಕೂತು ನೋಡಿದ್ರೆ, ಇವರು ಹೇಗೆ ಕಾಣ್ತಿದ್ರು ಅಂತ ಒಂದು ಅಂದಾಜಾದ್ರೂ ಸಿಗುತ್ತೆ. ಅಷ್ಟೇ ನನ್ನ ಆಸೆ" ಅಂದೆ.

ಮಗಳು ಫೋನ್ ತೆಗೆದು ಸೀಟು ಹಿಡಿದಳು. ಅಂದು ಸಂಜೆ ಪೆಟ್ಟಿಗೆ, ಮರುದಿನ ಇಸ್ಪೀಟು.

ನಮ್ಮದು ಎರಡನೆಯ ಸಾಲು. ನನ್ನ ಬಲಕ್ಕೆ ಇವರು, ಎಡಕ್ಕೆ ಮಗಳು ಮತ್ತು ಅಳಿಯ. ಜಾದೂಗಾರ ಮೂವತ್ತರ ಹುಡುಗ, ಚೆನ್ನಾಗಿದ್ದ. ಕೈಚಳಕ ಅಷ್ಟಕ್ಕಷ್ಟೆ, ಆದರೆ ನಿಲ್ಲುವ ಗತ್ತು ಇತ್ತು. ಕೊನೆಗೆ ಪೆಟ್ಟಿಗೆ ಬಂತು. ನೀಲಿ ಬಟ್ಟೆ ತೊಟ್ಟ ಹುಡುಗಿ ಒಳಗಿಳಿದಳು, ಮುಚ್ಚಳ ಬಿತ್ತು. ನಾನು ಅವಳ ಕಡೆ ನೋಡಲೇ ಇಲ್ಲ. ಕತ್ತು ನೀಳ ಮಾಡಿಕೊಂಡು ಅವನ ಮುಖದಲ್ಲೇ ಕಣ್ಣು ನೆಟ್ಟು ಕೂತೆ. ಅವನು ಮೊದಲ ಕತ್ತಿ ಎತ್ತಿಕೊಂಡು ಅದರ ಹಿಡಿಯಿಂದ ಮುಚ್ಚಳದ ಮೇಲೆ ಎರಡು ಸಲ ತಟ್ಟಿದ.

ಟಕ್, ಟಕ್.

ನನ್ನ ಕಣ್ಣು ಮುಚ್ಚಿಕೊಂಡವು. ಮಂಡಿಗಳು ತಾವಾಗಿ ಎದೆಗೆ ಬಂದವು, ಗಲ್ಲ ಕೆಳಗಿಳಿಯಿತು, ಉಸಿರು ನಿಂತಿತು. ಇವರೂ ಹೀಗೆಯೇ ತಟ್ಟುತ್ತಿದ್ದರು. ಕತ್ತಿ ಬರ್ತಿದೆ, ಹುಷಾರು ಎಂದು ನನಗೆ ಸೂಚನೆ ಅದು. ಒಂದು ಸಲ ಮರದ ಸಿಬಿರು ಕಣ್ಣಿಗೆ ಹಾರಿದ ಮೇಲಂತೂ ಆ ಸದ್ದಿಗೆ ಕಣ್ಣು ಮುಚ್ಚುವುದನ್ನು ನಾನು ಒಂದು ದಿನವೂ ತಪ್ಪಿಸಿಲ್ಲ. ಈಗ ತೆಗಿ ತೆಗಿ ಎಂದು ನನ್ನನ್ನೇ ನಾನು ಬೈದುಕೊಂಡೆ. ಮೈ ಎಲ್ಲಿ ಕೇಳುತ್ತದೆ! ಒಂದು, ಎಡ ಕಂಕುಳ ಕೆಳಗೆ. ಎರಡು, ಬೆನ್ನ ಹಿಂದೆ. ಹನ್ನೆರಡನ್ನೂ ಎಣಿಸುತ್ತಾ ಥಿಯೇಟರಿನ ಮೆತ್ತನೆಯ ಸೀಟಿನಲ್ಲಿ ಮುದ್ದೆಯಾಗಿ ಕೂತಿದ್ದೆ. ಜನ ಉಸಿರೆಳೆದುಕೊಳ್ಳುವುದು ಕೇಳಿಸಿತು. ಚಪ್ಪಾಳೆ ಬಿದ್ದಾಗ ಕಣ್ಣು ಬಿಟ್ಟೆ. ಹುಡುಗಿ ಎದ್ದು ನಿಂತಿದ್ದಳು. ಅವನು ಬಗ್ಗಿ ನಮಸ್ಕರಿಸುತ್ತಿದ್ದ. ನನಗೆ ಕಂಡದ್ದು ಅವನ ನೆತ್ತಿ.

ಥೂ, ಹಾಳಾದ ಕಣ್ಣೇ! ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸಿತು.

"ನೋಡಿದ್ಯಾಮ್ಮ?" ಅಂದಳು ಮಗಳು. "ಹೂಂ, ನೋಡ್ದೆ" ಅಂದೆ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಇವರು ಇದ್ದಕ್ಕಿದ್ದಂತೆ ಕೇಳಿದರು. "ಪ್ರತಿ ಸಲ ಹಾಗೇ ಕೂತಿರ್ತಿದ್ಯಾ? ಕಣ್ಣು ಮುಚ್ಕೊಂಡು, ತುಟಿ ಕಚ್ಕೊಂಡು?"

"ನಿಮಗೆ ಹೇಗೆ ಗೊತ್ತು?"

"ನಾನು ಸ್ಟೇಜ್ ನೋಡ್ಲಿಲ್ಲ. ನಿನ್ನನ್ನ ನೋಡ್ತಿದ್ದೆ."

"ಮತ್ತೆ ಹೇಗೆ ಕೂರ್ತಾರೆ? ಒಳಗೆ ಕಾಲು ಚಾಚ್ಕೊಂಡು ಪೇಪರ್ ಓದ್ತಿದ್ದೆ ಅಂದ್ಕೊಂಡಿದ್ರಾ?"

ಇವರು ನಗಲಿಲ್ಲ. "ನೀನು ಆ ಶೋನೇ ಯಾಕೆ ಕೇಳ್ದೆ ಅಂತ ಮಗಳು ಹೇಳಿದ್ಲು" ಅಂದರು. ನಮ್ಮ ಮಗಳ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ನಾಚಿಕೆಯಿಂದ ನಾನು ಲೋಟದೊಳಗೆ ಮುಖ ಹುದುಗಿಸಿದೆ.

ಇವರು ಎದ್ದು, ಬಾಗಿಲ ಹಿಂದಿನ ಮೊಳೆಯಿಂದ ಕೊಡೆ ತೆಗೆದುಕೊಂಡರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು, ಕೂದಲು ಸವರಿಕೊಂಡರು. ಬಟ್ಟೆಯ ಬೀರುವಿನ ಮುಂದೆ ಹೋಗಿ ನಿಂತು, "ಮಂಚದ ತುದೀಲಿ ಕೂತ್ಕೋ. ಅದೇ ಮೊದಲನೇ ಸಾಲು" ಅಂದರು. "ಹೆದರ್ಬೇಡ, ತಟ್ಟೋದಿಲ್ಲ. ಕಣ್ಣು ಬಿಟ್ಕೊಂಡಿರು."

ಕಣ್ಣು ಎಷ್ಟಗಲ ಬಿಡಬಹುದೋ ಅಷ್ಟಗಲ ಬಿಟ್ಟುಕೊಂಡು ಕೂತೆ.

ಇವರು ಕೊಡೆಯನ್ನು ಕತ್ತಿಯಂತೆ ಎತ್ತಿದರು. ಅದು ಗಡಗಡ ನಡುಗಿತು. ಗಲ್ಲ ಮೇಲೆತ್ತಿದರು, ಭುಜ ನೆಟ್ಟಗೆ ಮಾಡಿದರು. ಬೀರುವಿನ ಬಾಗಿಲಿಗೆ ಕೊಡೆಯ ತುದಿ ತಾಗಿಸಿ ಹಾಗೇ ನಿಂತರು. ನಾನು ನೋಡಿದೆ. ಕೊಡೆ ಹಿಡಿದ ಒಬ್ಬ ಮುದುಕ ಕಂಡ. ಇನ್ನೊಮ್ಮೆ ಎತ್ತಿದರು, ಮತ್ತೆ ಅದೇ ಮುದುಕ.

"ಬರ್ತಿಲ್ಲ ಕಣೇ" ಎಂದು ಕೊಡೆ ಇಳಿಸಿದರು.

"ಕೈ ನಡುಗಿದ್ರೆ ನಡುಗ್ಲಿ ಬಿಡಿ. ನಂಗೆ ಮುಖ ಸಾಕು."

"ಮುಖಾನೇ ಬರ್ತಿಲ್ಲ. ಅದು ನಾನು ಬೇಕಂತ ಮಾಡ್ತಿದ್ದ ಮುಖ ಅಲ್ಲ. ಜನ ರಾಜ ಗೀಜ ಅಂತಿದ್ರು, ಅವರಿಗೇನು ಗೊತ್ತು? ನಾನು ಕೇಳಿಸ್ಕೊಳ್ತಾ ನಿಂತಿರ್ತಿದ್ದೆ ಅಷ್ಟೇ. ಒಳಗಿಂದ ನೀನೆಲ್ಲಾದ್ರೂ ನರಳ್ತೀಯಾ, ಅಮ್ಮಾ ಅಂತೀಯಾ ಅಂತ. ಆ ಹೊತ್ತಿಗೆ ಬ್ಯಾಂಡ್ ಯಾಕೆ ನಿಲ್ಲಿಸ್ತಿದ್ದೆ ಅಂದ್ಕೊಂಡೆ? ಒಂದೊಂದು ಕತ್ತಿಗೂ ಜೀವ ಕೈಯಲ್ಲಿ ಹಿಡ್ಕೊಂಡಿರ್ತಿದ್ದೆ ಕಣೇ." ಇವರು ಬೀರುವಿನ ಬಾಗಿಲು ತೆರೆದರು. ಒಳಗೆ ಅವರ ಎರಡು ಅಂಗಿ, ನನ್ನ ಒಂದು ಸೀರೆ ನೇತಾಡುತ್ತಿದ್ದವು. "ಇಲ್ಲಿ ಯಾರಿದ್ದಾರೆ, ಕೇಳಿಸ್ಕೊಳ್ಳೋಕೆ?"

ನನಗೆ ಅಳು ಬಂತು. ಅಳುವಿನ ಜೊತೆಗೇ ಸಿಟ್ಟೂ ಬಂತು, ಯಾರ ಮೇಲೆ ಅಂತ ಹೇಳಲಿ? "ಹಾಗಾದ್ರೆ ಅದು ನನ್ನದೇ ಅಲ್ವೇನ್ರೀ ಆ ಮುಖ?" ಅಂದೆ. "ನನಗೋಸ್ಕರ ಬಂದಿದ್ದನ್ನ ಊರವರೆಲ್ಲ ಕೂತು ನೋಡಿದ್ರು. ನಾನೊಬ್ಬಳು ನೋಡ್ಲಿಲ್ಲ."

"ಹೂಂ" ಅಂದರು ಇವರು.

ಬಾಗಿಲ ಬಳಿ ಹೋಗಿ ಕೊಡೆಯನ್ನು ಮೊಳೆಗೆ ಸಿಕ್ಕಿಸಲು ನೋಡಿದರು. ಒಂದು ಸಲ ತಪ್ಪಿತು, ಇನ್ನೊಂದು ಸಲವೂ ತಪ್ಪಿತು. ಬೇರೆ ದಿನವಾಗಿದ್ದರೆ ಎದ್ದು ಹೋಗಿ ಕಿತ್ತುಕೊಂಡು ನಾನೇ ಸಿಕ್ಕಿಸುತ್ತಿದ್ದೆ. ಈಗ ಏಳಲಿಲ್ಲ. ಕಣ್ಣೊರೆಸಿಕೊಂಡು, ಮಂಚದ ತುದಿಯಲ್ಲೇ ಕೂತು, ಇವರನ್ನು ನೋಡುತ್ತಿದ್ದೆ.