ತಮ್ಮನ ಕೊನೆಯ ರಾಶಿ

ಊರು ಬಿಸಾಡಿದ್ದೆಲ್ಲ ಕೊನೆಗೆ ದೊಡ್ಡಪ್ಪನ ಅಂಗಳಕ್ಕೆ ಬಂದು ಬೀಳುತ್ತಿತ್ತು. ಮುರಿದ ಕುರ್ಚಿ, ಹರಿದ ಚಪ್ಪಲಿ, ಚಕ್ರ ಕಳಚಿದ ಆಟದ ಬಂಡಿ, ಹಳಸಿದ ಊಟ, ಯಾವುದಾದರೇನು, ಗೋಡೆಯಾಚೆಯ ದೊಡ್ಡ ಒಲೆಯಲ್ಲಿ ಉರಿದು, ನೀರಿನ ತೊಟ್ಟಿಯಲ್ಲಿ ಚುಂಯ್ ಎಂದು ಆರಿ, ಒದ್ದೆ ಕರಿಬೂದಿಯಾಗಿ ಓಡುವ ಬೆಲ್ಟಿನ ಮೇಲೆ ಈಚೆಗೆ ಬರುತ್ತಿತ್ತು. ಬೂದಿಯಾದ ಮೇಲೆ ಎಲ್ಲ ಮುಗಿಯಿತು ಎಂದು ಊರಿನವರ ಎಣಿಕೆ. ಅಂಗಳದವರ ಕೆಲಸ ಶುರುವಾಗುತ್ತಿದ್ದುದೇ ಅಲ್ಲಿಂದ.

ಮೊದಲಿಗೆ, ಬೆಲ್ಟಿನ ಮೇಲೆ ತೂಗುಹಾಕಿದ ಆನೆಗಾತ್ರದ ಅಯಸ್ಕಾಂತ ಮೊಳೆ, ಬೀಗ, ಬಾಣಲೆಗಳನ್ನು ಸೆಳೆದುಕೊಳ್ಳುತ್ತಿತ್ತು. ಉಳಿದದ್ದರಲ್ಲಿ ಕಣ್ಣಿಗೆ ಕಂಡದ್ದನ್ನು ಹೆಂಗಸರು ಕೈಯಿಂದ ಆರಿಸುತ್ತಿದ್ದರು. ಮುಂದೆ ಗಿರಗಿರನೆ ತಿರುಗುವ ಒಂದು ಉರುಳೆ. ಅದರ ಮೇಲೆ ಬಂದ ಕೂಡಲೇ ಅಲ್ಯೂಮಿನಿಯಂ, ತಾಮ್ರದ ಚೂರುಗಳು ಕಾದ ಕಾವಲಿಯ ಮೇಲಿನ ನೀರಹನಿಯಂತೆ ಚಟ್ಟನೆ ಹಾರಿ ಬೇರೆ ಡಬ್ಬಕ್ಕೆ ಬೀಳುತ್ತಿದ್ದವು. ಚಿಮಣಿಯ ಸೋಸುಚೀಲಕ್ಕೆ ಹತ್ತುವ ನವಿರು ಬೂದಿ ಮಾತ್ರ ವಿಷ. ಅದು ಬಾಯಿ ಕಟ್ಟಿಸಿಕೊಂಡು ಬೇರೆ ದಾರಿಯಲ್ಲೇ ಹೋಗುತ್ತಿತ್ತು. ಅಂಗಳಕ್ಕೆ ಅದರ ನೆರಳೂ ಬೀಳುವಂತಿರಲಿಲ್ಲ.

ಇಷ್ಟೆಲ್ಲ ಆದರೂ ಬೂದಿ ಇನ್ನೂ ಕಾಯಿ. ಅಂಗಳದಲ್ಲಿ ಹಾಗೆ ಹೇಳುವುದು ರೂಢಿ. ಕಾಯಿಬೂದಿ ಹಾಕಿ ಬ್ಲಾಕು ಮಾಡಿದರೆ, ಅದರಲ್ಲಿ ಅಡಗಿದ ಅಲ್ಯೂಮಿನಿಯಂ ಪುಡಿ ಒಳಗೊಳಗೇ ಗಾಳಿ ಬಿಟ್ಟು, ನೆಲಕ್ಕೆ ಹಾಸಿದ ಬ್ಲಾಕು ಅಜೀರ್ಣವಾದವರ ಹೊಟ್ಟೆಯಂತೆ ಉಬ್ಬಿ ಬಿರಿಯುತ್ತದೆ. ಅದಕ್ಕೇ ರಾಶಿ ಹಾಕಿ, ನೀರು ಕುಡಿಸಿ, ಆಗಾಗ ತಿರುವಿಹಾಕಿ, ತಿಂಗಳುಗಟ್ಟಲೆ ಬಿಡಬೇಕು. ಗಾಳಿಯೂ ನೀರೂ ಸೇರಿ ಅದರ ಒಳಗಿನ ಸಿಟ್ಟನ್ನೆಲ್ಲ ಇಳಿಸುತ್ತವೆ. ಆಗ ಅದು ಹಣ್ಣು. ಹಣ್ಣಾದ ಮೇಲೂ ತಿರುವದೆ ಬಿಟ್ಟರೆ ಮಾತ್ರ ಕೆಟ್ಟಿತು. ರಾಶಿಗೆ ರಾಶಿಯೇ ಕಲ್ಲುಗಟ್ಟಿ ಸುತ್ತಿಗೆಗೂ ಜಗ್ಗುವುದಿಲ್ಲ.

ಯಾವುದು ಕಾಯಿ ಯಾವುದು ಹಣ್ಣು ಎಂದು ಹೇಳುವವನು ದೊಡ್ಡಪ್ಪ. ರಾಶಿಯಿಂದ ಹಿಡಿ ಬೂದಿ ತೆಗೆದು ಗಾಜಿನ ಬಾಟಲಿಗೆ ಹಾಕಿ, ಕಾಸ್ಟಿಕ್ ಸೋಡಾ ಕರಗಿಸಿದ ನೀರು ಹೊಯ್ದು, ಬಾಟಲಿಯ ಬಾಯಿಗೆ ಮಕ್ಕಳ ಬಲೂನು ಸಿಕ್ಕಿಸಿ ಕಪಾಟಿನಲ್ಲಿ ಇಡುತ್ತಿದ್ದ. ಸಂಜೆಗೆ ಬಲೂನು ಉಬ್ಬಿದ್ದರೆ ಕಾಯಿ, ಜೋತುಬಿದ್ದಿದ್ದರೆ ಹಣ್ಣು. ಈ ಉಪಾಯ ಕಲಿಸಿದವಳು ಅಂಗಳದ ಮೇಲ್ವಿಚಾರಕಿ ಮೇಡಂ. ಕಲಿಸಿದ ಮೇಲೆ ಮಾತ್ರ ಅವಳು ಎಂದೂ ಅದರಲ್ಲಿ ಕೈಯಾಡಿಸಲಿಲ್ಲ. ಪ್ರತಿ ರಾಶಿಯ ಬುಡದಲ್ಲೂ ಒಂದು ಹಲಗೆ: ಒಂದು ಮಗ್ಗುಲಲ್ಲಿ ‘ಕಾಯಿ’, ಇನ್ನೊಂದರಲ್ಲಿ ‘ಹಣ್ಣು’. ದೊಡ್ಡಪ್ಪ ಹಲಗೆ ತಿರುಗಿಸಿದನೆಂದರೆ ಮುಗಿಯಿತು, ರಾಶಿ ಬ್ಲಾಕಿನ ಶೆಡ್ಡಿಗೆ ನಡೆಯಿತೆಂದೇ ಅರ್ಥ. ಬೆಳಗ್ಗೆ ಪ್ರಾರ್ಥನೆ ಮಾಡದೆ ತುಟಿಗೆ ಹನಿ ನೀರು ಸೋಕಿಸದ ಮನುಷ್ಯ. ಅವನ ಹಲಗೆ ಸುಳ್ಳು ಹೇಳೀತೆಂದು ಯಾರ ಕನಸಿನಲ್ಲೂ ಇರಲಿಲ್ಲ.

ಅಂಥ ಹಲಗೆ ಈಗ ಸುಳ್ಳು ಹೇಳುತ್ತಿತ್ತು.

ಬೂದಿ ಎತ್ತಿ ಸುರಿಯುವ ಲೋಡರ್ ಓಡಿಸುತ್ತಿದ್ದವನು ದೊಡ್ಡಪ್ಪನ ಒಡಹುಟ್ಟಿದ ತಮ್ಮ. ರಾಶಿ ಹಾಕುವುದರಲ್ಲಿ ಅವನದು ಎತ್ತಿದ ಕೈ. ಬೇರೆಯವರು ಬೂದಿ ಸುರಿದರೆ ಗುಡ್ಡೆಯಾಗುತ್ತಿತ್ತು, ಅವನು ಸುರಿದರೆ ರಾಶಿಯಾಗುತ್ತಿತ್ತು. ನೆತ್ತಿಯನ್ನು ತಟ್ಟೆಯಂತೆ ಒಂದಿಷ್ಟು ತಗ್ಗು ಮಾಡುವನು, ಬಿದ್ದ ನೀರು ಜಾರಿಹೋಗದೆ ಒಳಗೇ ಇಳಿಯಲೆಂದು. ಬುಡವನ್ನು ಬಕೆಟ್ಟಿನ ಬೆನ್ನಿನಿಂದ ತಟ್ಟಿ ತಟ್ಟಿ ಕೂರಿಸುವನು, ತಾಯಿ ಮಗುವಿನ ಹೊದಿಕೆಯ ಅಂಚು ಒತ್ತುವ ಹಾಗೆ. ಅಷ್ಟು ದೊಡ್ಡ ಯಂತ್ರದಿಂದ ಅಷ್ಟು ಮೆತ್ತಗಿನ ಕೆಲಸ! ನೋಡಿದವರು ಹುಬ್ಬೇರಿಸುತ್ತಿದ್ದರು. ಇನ್ನೊಂದು ಅಭ್ಯಾಸವಿತ್ತು ಅವನಿಗೆ. ಹಣ್ಣಾದ ರಾಶಿಗೆ ಮೊದಲ ಬಕೆಟ್ ಹಾಕುವ ಮುನ್ನ ಎಂಜಿನ್ ಆರಿಸಿ, ಕೆಳಗಿಳಿದು, ರಾಶಿಯ ಮೇಲೆ ಅಂಗೈಯಿಟ್ಟು “ಹೋಗಿ ಬಾ” ಎನ್ನುವನು.

“ಬೂದಿಗೆ ಯಾಕೋ ಉಪಚಾರ?” ಎಂದು ಅಣ್ಣ ಛೇಡಿಸಿದರೆ, “ಮನೆಯಿಂದ ಹೊರಟವರಿಗೆ ಬರೀ ‘ಹೋಗು’ ಅಂತಾರೇನೋ ಅಣ್ಣ? ಬರುತ್ತೆ ನೋಡು. ನಾಳೆ ನಿನ್ನ ಕಾಲಡಿಗೇ ಬರುತ್ತೆ” ಎನ್ನುತ್ತಿದ್ದ. ಬರುತ್ತಿತ್ತು ಕೂಡ. ಅವರ ಮನೆಯಿಂದ ಬಸ್ ನಿಲ್ದಾಣದವರೆಗಿನ ಕಾಲುದಾರಿಗೆ ಹಾಸಿದ್ದು ಈ ಅಂಗಳದ ಬ್ಲಾಕುಗಳನ್ನೇ.

ಒಂದು ಬೆಳಗ್ಗೆ ತಮ್ಮ ಹೊಸಿಲಲ್ಲಿ ಕೂತು ಎದೆ ನೀವಿಕೊಳ್ಳುತ್ತ, “ನೀನು ನಡಿಯಣ್ಣ, ಹಿಂದೆಯೇ ಬಂದೆ” ಎಂದ. ದೊಡ್ಡಪ್ಪ ನಡೆದ. ತಮ್ಮ ಬರಲಿಲ್ಲ. ಸುದ್ದಿ ಬಂದು ಮನೆಗೆ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಮ್ಮನ ಮಗಳು ಪುಟ್ಟಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಣ್ಣಿಗೆ ಇಳಿಸುವಾಗ ಎಲ್ಲರೂ ಏನಾದರೊಂದು ಮಾತು ಹೇಳಿ ಕಳಿಸಿಕೊಟ್ಟರು. ದೊಡ್ಡಪ್ಪನ ನಾಲಿಗೆ ಮಾತ್ರ ಒಣಗಿದ ಸೌದೆಯಾಗಿತ್ತು.

ಅಪ್ಪನ ಲೋಡರಿಗೆ ಪುಟ್ಟಿಯೇ ಹತ್ತಿದಳು. ಅದರ ಚಕ್ರ ಅವಳ ತಲೆಗಿಂತ ಎತ್ತರ. ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಕಲಿತವಳು, ಪರವಾನಗಿಯೂ ಇತ್ತು. ಬಂದ ದಿನವೇ ಅಷ್ಟು ಮೇಲಿನಿಂದ “ದೊಡ್ಡಪ್ಪಾ, ಸರೀರಿ ಆ ಕಡೆ!” ಎಂದು ಕೂಗಿದಳು. ಅಲ್ಲಿಂದ ಮುಂದೆ ಅವನು ಅಂಗಳಕ್ಕೆಲ್ಲ ದೊಡ್ಡಪ್ಪ. ಅವನಿಗಿಂತ ಹಿರಿಯನಾದ ಗೇಟಿನ ಕಾವಲುಗಾರನಿಗೂ.

ಅಂಗಳದ ಮೂಲೆಯಲ್ಲಿ ತಮ್ಮ ಹಾಕಿದ ಕೊನೆಯ ರಾಶಿ ಉಳಿದಿತ್ತು. ತಗ್ಗುನೆತ್ತಿ, ತಟ್ಟಿ ಕೂರಿಸಿದ ಬುಡ. ದೊಡ್ಡಪ್ಪ ದಿನಾ ಬೆಳಗ್ಗೆ ಮೊದಲು ಅಲ್ಲಿಗೇ ಹೋಗುವನು. ‘ಅವನು ಬಿಟ್ಟುಹೋದ ಹಾಗೇ ಇಟ್ಟಿದ್ದೀಯಲ್ಲ ದೇವರೇ’ ಎಂದು ಕೈಮುಗಿಯುವನು. ಅವನು ಹೀಗೆ ಕೈಮುಗಿದು ನಿಂತಿರುವಾಗ ಅತ್ತ ಕಡೆ ಯಾರೂ ಸುಳಿಯುತ್ತಿರಲಿಲ್ಲ.

ಒಂದು ಸಂಜೆ ಆ ರಾಶಿಯ ಬಲೂನು ಜೋತುಬಿದ್ದಿತ್ತು. ಹಲಗೆ ತಿರುಗಿಸಲು ಹೋದ ದೊಡ್ಡಪ್ಪನ ಕೈ ನಡುದಾರಿಯಲ್ಲೇ ನಿಂತಿತು. ತಿರುಗಿಸಿದರೆ ನಾಳೆ ಇಲ್ಲಿ ಬರೀ ನೆಲ. ಕಪಾಟಿಗೆ ಮರಳಿ ಅತ್ತಿತ್ತ ನೋಡಿದ. ಜೇಬಿನಿಂದ ಹೊಸ ಬಲೂನು ತೆಗೆದು, ಕೆನ್ನೆಯುಬ್ಬಿಸಿ ಊದಿ, ಗಾಳಿ ಹೋಗದಂತೆ ಹಿಡಿದು ಬಾಟಲಿಗೆ ಸಿಕ್ಕಿಸಿದ. ಜೀವಮಾನದಲ್ಲಿ ಒಂದು ಸುಳ್ಳಾಡದವನು, ಬಾಯಿಬಿಟ್ಟು ಒಂದು ಮಾತೂ ಆಡದೆ, ಬರೀ ಉಸಿರಿನಿಂದ ಸುಳ್ಳು ಹೇಳಿದ.

ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲವೂ ಹಾಗೇ. ಮನೆಯಲ್ಲಿ ಪ್ರಾರ್ಥನೆಗೆ ಕೂತರೂ ‘ನಿನಗೆ ಗೊತ್ತೇ ಇದೆಯಲ್ಲ’ ಎಂದಷ್ಟೇ ದೇವರಿಗೆ ಹೇಳಿ ಎದ್ದುಬಿಡುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಮೇಡಂ ಬಂದಳು. ತಲೆಯ ಮೇಲಿನ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

“ದೊಡ್ಡಪ್ಪ, ಆಸ್ಪತ್ರೆ ಮುಂದಿನ ದಾರಿಗೆ ಬ್ಲಾಕು ಕೇಳ್ತಿದ್ದಾರೆ. ಗಾಲಿಕುರ್ಚಿಗಳು ಕೆಸರಲ್ಲಿ ಹೂತುಕೊಳ್ತವಂತೆ, ರೋಗಿಗಳನ್ನ ಎತ್ತಿಕೊಂಡು ಹೋಗ್ಬೇಕಂತೆ. ಮೂಲೆ ರಾಶಿ ಏನಂತೆ?”

ದೊಡ್ಡಪ್ಪ ನೆಲ ನೋಡಿದ. “ಇನ್ನೂ ಕಾಯಿ, ಮೇಡಂ.”

ಮೇಡಂ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. “ಸರಿ. ನೀವು ಹೇಳಿದ ಮೇಲೆ ಹೇಳಿದ ಹಾಗೆ. ಕಾಯೋಣ” ಎಂದು ಹೆಲ್ಮೆಟ್ ಹಾಕಿಕೊಂಡು ಹೋದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನಂಬಿದ್ದು ಚುಚ್ಚಿತು. ಕಂಡರಿಯದ ರೋಗಿಯೊಬ್ಬ ಕೆಸರಲ್ಲಿ ಹೂತ ಕುರ್ಚಿಯಲ್ಲಿ ಕೂತು ತನ್ನನ್ನೇ ನೋಡುತ್ತಿರುವಂತೆ ಭಾಸವಾಗಿ, ಬಾಟಲಿಗಳ ಕಪಾಟಿನ ಮುಂದೆ ಹೋಗಿ ನಿಂತುಕೊಂಡ.

ಚಹಾದ ಹೊತ್ತು. ಲೋಟ ಹಿಡಿದು ಪುಟ್ಟಿ ಬಂದಳು. ಅವಳ ಹಿಂದೆಯೇ ಚಮಚದಕ್ಕ. ಬೆಲ್ಟಿನ ಹೆಂಗಸರಲ್ಲಿ ಇವಳ ಕಣ್ಣು ಹದ್ದಿನದು. ಬೂದಿಯಲ್ಲಿ ಚಮಚ ಸಿಕ್ಕಿತೆಂದರೆ ಅದು ಇವಳ ಕೈಗೇ, ಹಾಗಾಗಿ ಆ ಹೆಸರು. “ಊರಲ್ಲಿ ಅತ್ತೆ ಸೊಸೆ ಚಮಚ ಎಲ್ಲಿ ಅಂತ ಜುಟ್ಟು ಹಿಡೀತಾರೆ, ಕಳ್ಳಿ ಇಲ್ಲಿದ್ದೀನಿ!” ಎಂದು ತನ್ನನ್ನು ತಾನೇ ಆಡಿಕೊಂಡು ನಗುವವಳು.

ಪುಟ್ಟಿ ಕಪಾಟಿನತ್ತ ಗದ್ದ ಎತ್ತಿ ಕೇಳಿದಳು. “ದೊಡ್ಡಪ್ಪ, ಆ ಬಲೂನು ಯಾಕೆ ಕತ್ತು ವಾಲಿಸಿದೆ?”

“ಉಬ್ಬಿದೆಯಲ್ಲ, ಸಾಕು.”

“ಪಕ್ಕದ್ದು ನೋಡಿ. ಅದು ನಿಜವಾದ ಕಾಯಿ. ಬಾಟ್ಲಿ ಸಮೇತ ಹಾರಿಹೋಗ್ತೀನಿ ಅನ್ನೋ ಹಾಗೆ ನೆಟ್ಟಗೆ ನಿಂತಿದೆ. ಬೂದಿ ಬಿಡೋ ಗಾಳಿ ಹಗುರ ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು, ಹತ್ರ ಬೆಂಕಿಕಡ್ಡಿ ಗೀರಬೇಡ ಅಂತ ಬೈದು?” ಅವಳ ದನಿ ಇಳಿಯಿತು. “ಇದು ಮನುಷ್ಯರ ಉಸಿರು. ಭಾರ.”

ಪುಟ್ಟಿ ಕೊಟ್ಟ ಲೋಟವನ್ನು ದೊಡ್ಡಪ್ಪ ಬಾಯಿಗೆ ಒಯ್ಯದೆ ಹಾಗೇ ಹಿಡಿದಿದ್ದ. ಚಮಚದಕ್ಕ ಅದನ್ನು ತೆಗೆದು ಕಪಾಟಿನ ಮೇಲಿಟ್ಟಳು.

“ಸುಳ್ಳು ಹೇಳೋದಕ್ಕೂ ಅಭ್ಯಾಸ ಬೇಕು ದೊಡ್ಡಪ್ಪನೋರೇ. ಇಡೀ ಬೆಲ್ಟಿಗೆ ಗೊತ್ತು.”

“ಮೇಡಂಗೆ?”

“ಅವರೇ ಮೊದಲು ನೋಡಿದ್ದು. ‘ಯಾರೂ ಕೆದಕಬೇಡಿ, ಅವರೇ ತಿರುಗಿಸ್ತಾರೆ’ ಅಂದ್ರು. ಹೊಸ ಬೂದಿಗೆ ಜಾಗ ಸಾಲದೆ ಆ ಕಡೆ ಒತ್ತು, ಈ ಕಡೆ ಒತ್ತು ಅಂತ ಇವಳು ಒದ್ದಾಡಿದ್ದು ನೋಡಲಿಲ್ವಾ ನೀವು?”

ನೋಡಿರಲಿಲ್ಲ. ಅವನ ಕಣ್ಣಿಗೆ ಈಚೆಗೆ ಒಂದೇ ರಾಶಿ ಕಾಣುತ್ತಿತ್ತು. ಥಟ್ಟನೆ ಇನ್ನೊಂದು ಯೋಚನೆ ಬಂತು. ರಾಶಿ ಹಣ್ಣಾಗಿ ಎಷ್ಟೋ ಕಾಲವಾಯಿತು. ತಿರುವಿದವರಿಲ್ಲ. ಈ ಹೊತ್ತಿಗೆ ಅದು ಕಲ್ಲಾಗಿರಬೇಕಿತ್ತು. ಆದರೆ ಮೊನ್ನೆ ಕೂಡ ಹಿಡಿ ಬೂದಿ ತೆಗೆದಾಗ ಕೈಗೆ ಮೆತ್ತಗೆ ಬಂದಿತ್ತಲ್ಲ! ಯಾಕೆಂದು ತನಗೆ ಹೊಳೆಯಲೇ ಇಲ್ಲವಲ್ಲ!

“ಪುಟ್ಟೀ, ಆ ರಾಶಿ ಯಾರು ಮುಟ್ಟಿದ್ದು?”

ಪುಟ್ಟಿ ಕಣ್ಣು ತಪ್ಪಿಸಲಿಲ್ಲ. “ನಾನು. ನೀವು ಮನೆಗೆ ಹೋದ ಮೇಲೆ ತಿರುವಿಹಾಕ್ತಿದ್ದೆ. ನೀರು ಕುಡಿಸ್ತಿದ್ದೆ.”

“ನಿಮ್ಮಪ್ಪ ಹಾಕಿದ್ದು ಕಣೇ ಅದು! ಅವನ ಕೈಗುರುತು... ಅಳಿಸಿಹಾಕಿದೆಯಾ?”

“ಕಲ್ಲಾಗ್ತಿತ್ತು ದೊಡ್ಡಪ್ಪ! ಅಪ್ಪನ ಕೊನೇ ರಾಶಿ ಯಾರ ಕಾಲಿಗೂ ಒದಗದೆ ಮೂಲೇಲಿ ಬಂಡೆಯಾಗಿ ಸುತ್ತಿಗೆ ಏಟು ತಿನ್ನಬೇಕಿತ್ತಾ? ನಿಮಗೆ ಹೇಳೋಣ ಅಂದ್ರೆ ದಿನಾ ಬೆಳಗ್ಗೆ ಕೈ ಮುಗಿದು ನಿಂತಿರ್ತೀರಿ. ಹೇಗೆ ಹೇಳಲಿ?”

ದೊಡ್ಡಪ್ಪ ದಡದಡನೆ ಮೂಲೆಗೆ ನಡೆದ. ರಾಶಿಯ ಸುತ್ತ ಒಂದು ಸುತ್ತು ಬಂದ. ಬೈಯಲು ಒಂದು ತಪ್ಪಾದರೂ ಸಿಗಲಿ ಎಂದು ಹುಡುಕಿದ. ನೆತ್ತಿ ತಟ್ಟೆಯಂತೆ ತಗ್ಗಾಗಿತ್ತು. ಬುಡ ಹೊದಿಕೆಯ ಅಂಚಿನಂತೆ ಒತ್ತಿ ಕೂತಿತ್ತು. ಎಡಮಗ್ಗುಲಲ್ಲಿ ಬಕೆಟ್ ಕೊಂಚ ಒತ್ತಿ ಎಳೆದ ಗೀರು ಕೂಡ ಇತ್ತು, ತಮ್ಮನ ಎಡಗೈ ಚಾಳಿ. ಇಷ್ಟು ಕಾಲ ದಿನಾ ನೋಡಿ, ಅವನು ಬಿಟ್ಟುಹೋದ ಹಾಗೇ ಇದೆ ಎಂದು ದೇವರಿಗೆ ಕೈಮುಗಿದದ್ದು ಇದಕ್ಕೆ. ಮೇಲಿನ ಬೂದಿ ಕೆಳಗಾಗಿ, ಕೆಳಗಿನದು ಮೇಲಾಗಿ, ಅವನು ಇಟ್ಟ ಹಾಗೆ ಒಂದು ಹರಳೂ ಉಳಿದಿರಲಿಲ್ಲ. ಆದರೂ ಅಣ್ಣನ ಕಣ್ಣಿಗೆ ಒಂದಿನಿತು ವ್ಯತ್ಯಾಸ ಕಂಡಿರಲಿಲ್ಲ.

ಉಳಿಸಿಕೊಡೆಂದು ತಾನು ಬೇಡಿದ್ದು ಬೂದಿಯನ್ನು. ದೇವರು ಉಳಿಸಿಕೊಟ್ಟದ್ದು ತಮ್ಮನ ಕೈಯನ್ನು. ಸಿಟ್ಟು ಯಾವಾಗ ಇಳಿಯಿತೆಂದು ದೊಡ್ಡಪ್ಪನಿಗೇ ತಿಳಿಯಲಿಲ್ಲ.

“ಆ ಗೀರು,” ಎಂದ, ಹಿಂದೆ ಬಂದು ನಿಂತಿದ್ದ ಪುಟ್ಟಿಗೆ, “ಅದು ಅವನ ತಪ್ಪು. ನೂರು ಸಲ ಬೈದಿದ್ದೆ. ಅದನ್ನೂ ಕಲಿತೆಯಾ?”

“ಅಪ್ಪ ಬೇರೆ ಥರ ಹೇಳಿಕೊಟ್ಟಿದ್ದರೆ ತಾನೇ?” ಪುಟ್ಟಿ ಮೂಗೊರೆಸಿಕೊಂಡು ನಕ್ಕಳು.

ದೊಡ್ಡಪ್ಪ ಬಗ್ಗಿ ಹಲಗೆಯನ್ನು ತಿರುಗಿಸಿದ. ಇಷ್ಟು ದಿನ ಒಳಮಗ್ಗುಲಾಗಿದ್ದ ‘ಹಣ್ಣು’ ಬಿಸಿಲು ಕಾಣದೆ ಅಚ್ಚಹೊಸದರಂತೆ ಇತ್ತು. ಆಮೇಲೆ ಮೇಡಂ ಕೋಣೆಯ ಬಾಗಿಲಿಗೆ ಹೋಗಿ, “ಮೂಲೆ ರಾಶಿ ಹಣ್ಣಾಗಿದೆ ಮೇಡಂ. ಮೊದಲೇ ಆಗಿತ್ತು. ನಾನು ಸುಳ್ಳು ಹೇಳಿದೆ” ಎಂದ. ಮೇಡಂ ಎದ್ದು ನಿಂತಳು. “ಕಾಯಿಯಾಗಿದ್ದದ್ದು ರಾಶಿಯಲ್ಲ ಅಂತ ಗೊತ್ತಿತ್ತು ದೊಡ್ಡಪ್ಪ” ಎಂದಷ್ಟೇ ಅಂದು, ಶೆಡ್ಡಿನವರಿಗೆ ತಯಾರಾಗಲು ಹೇಳಿಕಳಿಸಿದಳು.

ಪುಟ್ಟಿ ಲೋಡರ್ ತಂದಳು. ರಾಶಿಯ ಮುಂದೆ ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗಿಳಿದಳು. ಅವಳು ಮಾತ್ರ ರಾಶಿಯನ್ನು ಮುಟ್ಟಲಿಲ್ಲ.

“ನೀವೇ ಹೇಳಿ. ನಾನು ಮಣ್ಣು ಮಾಡಿದ ದಿನಾನೇ ಹೇಳಿದ್ದೆ.”

ಬೆಲ್ಟು ಕೂಡ ನಿಂತಿತ್ತು, ಯಾರು ನಿಲ್ಲಿಸಿದರೋ. ಅಂಗಳ ಅಷ್ಟು ಸುಮ್ಮನಿದ್ದುದನ್ನು ದೊಡ್ಡಪ್ಪ ಎಂದೂ ಕಂಡಿರಲಿಲ್ಲ. ರಾಶಿಯ ಮೇಲೆ ಅಂಗೈಯಿಟ್ಟ. ಒಳಗೆ ಇನ್ನೂ ತುಸು ಬೆಚ್ಚಗಿತ್ತು. ಸಾವಿರ ಮನೆಗಳ ಬೇಡವಾದದ್ದೆಲ್ಲ ಸೇರಿ ಹದವಾದ ಬಿಸುಪು. ನಾಲಿಗೆ ಒಣಗಿಯೇ ಇತ್ತು. ಆದರೂ ಮಾತು ಬಂತು.

“ಹೋಗಿ ಬಾ, ತಮ್ಮ” ಎಂದ.

ಪುಟ್ಟಿ ಏಣಿ ಹತ್ತಿದಳು. ಎಂಜಿನ್ ಗುಡುಗಿತು, ಬಕೆಟ್ ಇಳಿದು ರಾಶಿಯ ಬುಡಕ್ಕೆ ಮೃದುವಾಗಿ ನುಗ್ಗಿತು, ಒದ್ದೆ ಮಣ್ಣಿನಂಥದೊಂದು ಹಿತವಾದ ವಾಸನೆ ಎದ್ದಿತು. ಚಮಚದಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡು, ಯಾರೂ ಕೇಳದಿದ್ದರೂ, “ದೂಳು” ಎಂದಳು.

“ದೊಡ್ಡಪ್ಪಾ, ಸರೀರಿ ಆ ಕಡೆ!” ಮೇಲಿನಿಂದ ಕೂಗು ಬಂತು. “ಕಾಲ ಮೇಲೇ ಸುರಿದುಬಿಡ್ತೀನಿ ನೋಡಿ!”

ದೊಡ್ಡಪ್ಪ ಹಲಗೆಯನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು ಸರಿದು ನಿಂತ. ಸಂಜೆಯೊಳಗೆ ಮೂಲೆ ಬರಿದಾಗುತ್ತದೆ; ನಾಳೆ ಅಲ್ಲಿ ಒಲೆಯಿಂದ ಬಂದ ಹೊಸ ಬೂದಿ ಬೀಳುತ್ತದೆ. ಆಗ ಇದನ್ನೇ ಮತ್ತೆ ನೆಡಬೇಕು, ಕಾಯಿಯ ಮಗ್ಗುಲು ಮುಂದೆ ಮಾಡಿ.